ಬಸ್ಸಿನ ಚಿತ್ರ

ಕೊಚ್ಚಿ, ಬುಧವಾರ

ಪ್ರೀತಿಯ ಏಲಮ್ಮ ಚೇಚಿಗೆ,

ನರ್ಸ್ ಕೆಲಸಕ್ಕೆ ಬೇಕಾದ ಜರ್ಮನ್ ಪರೀಕ್ಷೆಯಲ್ಲಿ ನಿನ್ನ ತಂಗಿ ನಲವತ್ತಾರನೇ ವಯಸ್ಸಿನಲ್ಲಿ ಪಾಸಾದಳು. ಪರೀಕ್ಷೆ ಮಾಡುವ ಮೇಡಮ್ ಒಂದು ಬಸ್ಸಿನ ಚಿತ್ರ ತೋರಿಸಿ, "ಇದರ ಬಗ್ಗೆ ಮಾತಾಡಿ" ಅಂದರು. ನನಗೆ ಒಂದು ಪದವೂ ಹೊಳೆಯಲಿಲ್ಲ. ಆ ಭಾಷೆಯಲ್ಲಿ ಬಾಯಿಪಾಠವಿದ್ದದ್ದು ನಮ್ಮ ಹಾಸ್ಟೆಲ್ ನೋಡಿಕೊಳ್ಳುವ ಕನ್ಯಾಸ್ತ್ರೀ ಸಿಸ್ಟರ್ ಕಲಿಸಿದ 'ಪರಲೋಕದಲ್ಲಿರುವ ನಮ್ಮ ತಂದೆಯೇ' ಪ್ರಾರ್ಥನೆ ಮಾತ್ರ. ಕಣ್ಣು ಮುಚ್ಚಿ ಅದನ್ನೇ ಪೂರ್ತಿ ಹೇಳಿಬಿಟ್ಟೆ. ಮೇಡಮ್ ಪೆನ್ನು ಕೆಳಗಿಟ್ಟು, "ಆಮೆನ್. ಇದಕ್ಕೆ ಅಂಕ ಇಲ್ಲಮ್ಮ. ಈಗ ಬಸ್ಸಿಗೆ ಬನ್ನಿ" ಅಂದರು. ಆಮೇಲೆ ಮಾತು ಹೇಗೋ ಬಂತು.

ಲಕ್ವ ಹೊಡೆದು ಮಾತು ಹೋದ ಮೇಲೆ ನಮ್ಮ ಯಜಮಾನರು ಮಲಯಾಳವನ್ನೇ ಮೊದಲಿನಿಂದ ಕಲಿಯುತ್ತಿದ್ದಾರಲ್ಲ, ನಾನು ಬರುವವರೆಗೆ ಅವರ ಮಧ್ಯಾಹ್ನದ ಮಾತ್ರೆ ತಪ್ಪಿಸಬೇಡ. ಈ ವಾರ ಹೊಸ ಮಾತು ಏನಾದರೂ ಆಡಿದರೇ? ಆಡಿದ್ದರೆ, ಬೈಗುಳವಾದರೂ ಸರಿ, ಹಾಗೆಯೇ ಬರೆದು ಹಾಕು.

ಅನ್ನಕುಟ್ಟಿ