ಚಲೋ ಅನ್ನದೆ ಹೇಳಿರಿ

ದೇವದುರ್ಗ
೧೮ ನವೆಂಬರ್ ೧೯೪೯

ತೀರ್ಥರೂಪ ಅಪ್ಪನವರಿಗೆ,

ಮಗಳು ಮಹಾಂತಮ್ಮ ಪಾದ ಮುಟ್ಟಿ ಮಾಡುವ ಶರಣಾರ್ಥಿಗಳು. ನಾನಿಲ್ಲಿ ಆರಾಮಾಗಿದ್ದೇನೆ. ನಿಮ್ಮ ಮೊಣಕಾಲು ನೋವು, ಅವ್ವನ ಕೆಮ್ಮು ಹೇಗಿವೆ? ನಿಮ್ಮ ಪತ್ರಕ್ಕೆ ಉತ್ತರ ತಡವಾಯಿತು, ಸಿಟ್ಟಾಗಬೇಡಿ. ಶಾಲೆಗೆ ಇನ್‌ಸ್ಪೆಕ್ಟರು ಬರುವವರಿದ್ದರು ಎಂಬುದೊಂದು ನೆಪ. ಖರೇ ಹೇಳಬೇಕೆಂದರೆ ಬರೆಯಲು ಕುಳಿತು ಹರಿದು ಹಾಕಿದ್ದೂ ಉಂಟು.

ಮೊದಲು ಶಾಲೆಯ ಸುದ್ದಿ. ಹೋದ ವರ್ಷದವರೆಗೆ ಉರ್ದು ಓದುತ್ತಿದ್ದ ಹುಡುಗಿಯರಿಗೆ ಈಗ ನಾನು ಕನ್ನಡ ಕಲಿಸುತ್ತೇನಲ್ಲ, ಮೂರನೇ ತರಗತಿಗೆ ಗುಣವಾಚಕದ ಪಾಠ ನಡೆದಿತ್ತು. ಹೂವು ಎಂಥದು, ನೀರು ಎಂಥದು ಎಂದು ಹೇಳುವ ಮಾತುಗಳು. ನಾನು ಎಷ್ಟು ಬಡಕೊಂಡರೂ ಈ ಪುಣ್ಯಾತ್ಗಿತ್ತಿಯರ ಬಾಯಲ್ಲಿ ಒಂದೇ ಮಾತು, ಚಲೋ. ಚಲೋ ಎಮ್ಮಿ, ಚಲೋ ಮನಿ, ಚಲೋ ಮಳಿ! ಒಂದು ದಿನ ರೇಗಿಹೋಯಿತು. ಮೂರು ಬದನೆಕಾಯಿ ಮೇಜಿನ ಮೇಲಿಟ್ಟು, ಕೂಲಿ ಮಾಡುವ ತಾಯಣ್ಣನ ಮಗಳು ಗೋಪಮ್ಮನಿಗೆ, "ಚಲೋ ಬದನಿಕಾಯಿ ತೊಗೊಂಡು ಬಾ" ಎಂದೆ.

"ಯಾವ್ದ್ರೀ ಅಕ್ಕೋರ? ಮೂರೂ ಚಲೋನ ಅದಾವಲ್ರೀ."

"ಹಂಗಂದ್ರ ನಿಮ್ಮವ್ವಗ ಸಂತ್ಯಾಗ ಯಾವ್ದು ತರಬೇಕಂತ ಹೆಂಗ ತಿಳೀಬೇಕು?"

ಹುಡುಗಿ ಮೂರನ್ನೂ ತಿರುವಿ, ಮೂಸಿ ನೋಡಿ, "ಇದು ಮುಳ್ಳಿಂದು, ಇದು ಬಾಡಿದ್ದು, ಇದು ಹುಳಕಿಂದುರೀ" ಅಂದಳು. ಶಭಾಷ್ ಎಂದೆ. ಅಂದಿನಿಂದ ನನ್ನ ತರಗತಿಯಲ್ಲಿ ಚಲೋ ಅನ್ನುವಂತಿಲ್ಲ. ಅಂದವಳು ಕಸ ಗುಡಿಸಬೇಕು.

ಮಾಡಿದ್ದುಣ್ಣೋ ಮಾರಾಯ ಅಂತಾರಲ್ಲ, ಹಾಗಾಯಿತು. ಇನ್‌ಸ್ಪೆಕ್ಟರು ಬಂದು, "ನಿಮ್ಮ ಅಕ್ಕೋರು ಎಂಥೋರು?" ಎಂದು ಕೇಳಿದರು. ಒಬ್ಬಳು "ಎತ್ತರದ ಅಕ್ಕೋರು" ಅಂದಳು. ಇನ್ನೊಬ್ಬಳು "ಸಿಟ್ಟಿನ ಅಕ್ಕೋರು" ಅಂದಳು. ಗೋಪಮ್ಮ ಎದ್ದು ನಿಂತು, "ಸೂಟಿ ಬಿಟ್ರೂ ಮನಿಗಿ ಹೋಗಲಾರದ ಅಕ್ಕೋರುರೀ" ಅಂದಳು. ಇನ್‌ಸ್ಪೆಕ್ಟರು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಮ್ಮ ದೊಡ್ಡ ಅಕ್ಕೋರು ರಜಿಯಾ ಬೇಗಂ ಮಾತ್ರ ನಗಲಿಲ್ಲ. ಆಮೇಲೆ ನನ್ನನ್ನು ಪಕ್ಕಕ್ಕೆ ಕರೆದು, "ಪೋರಿ ಖರೇನ ಹೇಳ್ಯಾಳ, ಮಹಾಂತಮ್ಮಾ. ಇನ್ನಾ ಎಷ್ಟು ದಿನ ಮುಚ್ಚಿ ಇಡ್ತೀ?" ಅಂದರು. ನಾನು ನೌಕರಿಗಾಗಿ ಮಾನ್ವಿಯ ಗಂಡನ ಮನೆ ಬಿಟ್ಟು ಇಲ್ಲಿದ್ದೇನೆ ಎಂದು ನೀವು ತಿಳಿದಿದ್ದೀರಿ. ಬೇರೆ ಕಾರಣವಿದೆ ಎಂಬುದು ಅವರೊಬ್ಬರಿಗೇ ಗೊತ್ತು.

ಈಗ ನಿಮ್ಮ ಪತ್ರದ ಮಾತು. ನನ್ನ ಮೈದುನನಿಗೆ ನಮ್ಮ ಶಿವಬಸಮ್ಮನನ್ನು ಕೊಡುವುದೆಂದು ಮಾತಾಗಿದೆ, ಬರುವ ಸೋಮವಾರ ಮಾನ್ವಿಯವರು ರಾಯಚೂರಿಗೆ ವೀಳ್ಯಕ್ಕೆ ಬರುತ್ತಾರೆ ಎಂದು ಬರೆದಿದ್ದೀರಿ. ಚಲೋ ಹುಡುಗ, ಚಲೋ ಮನೆತನ, ಅಕ್ಕ ತಂಗಿ ಒಂದೇ ಮನೆಯಲ್ಲಿದ್ದರೆ ನನಗೂ ನಿಶ್ಚಿಂತೆ ಎಂದಿದ್ದೀರಿ. ಅದನ್ನು ಮಡಚಿಟ್ಟು ಮತ್ತೆ ತೆಗೆದು ಓದಿದೆ, ಅಪ್ಪಾ.

ಸೇಂಗಾ ಕೊಳ್ಳುವಾಗ ನೀವು ಚೀಲದ ತಳಕ್ಕೆ ಕೈ ಹಾಕಿ ನೋಡುತ್ತೀರಿ. ಕಾಯಿ ಒಡೆದು ಬಾಯಿಗೆ ಹಾಕಿಕೊಂಡು ಮುಖ ಸಿಂಡರಿಸುತ್ತೀರಿ. ಅಳಿಯನಿಗೆ ಮಾತ್ರ ಒಂದು ಮಾತು ಸಾಕಾಯಿತೇ? ಆ ಹುಡುಗ ಎಂಥವನು? ಚಲೋ ಅನ್ನದೆ ಹೇಳಿರಿ. ಸಿಟ್ಟು ಬಂದಾಗ ಎಂಥವನು? ಅಣ್ಣನ ಮುಂದೆ ಎಂಥವನು? ನೀವು ಯಾರನ್ನೂ ಕೇಳಲಿಲ್ಲ, ಅದೇ ಮನೆಯಲ್ಲಿದ್ದು ಬಂದ ನನ್ನನ್ನೂ ಕೇಳಲಿಲ್ಲ. ಇದರಿಂದ ನನಗೆ ಬಹಳ ನೋವಾಗಿದೆ.

ಸೋಮವಾರ ಬರಬೇಡಿರೆಂದು ಮಾನ್ವಿಗೆ ಹೇಳಿ ಕಳಿಸಿ. ಶಿವಬಸಮ್ಮನನ್ನು ನನ್ನ ಹತ್ತಿರ ಕಳಿಸಿ. ಓದು ಬಲ್ಲ ಹುಡುಗಿ, ಇಲ್ಲಿ ಇನ್ನೊಬ್ಬ ಅಕ್ಕೋರು ಬೇಕಾಗಿದ್ದಾರೆ. ಮಂದಿ ಏನಂದಾರು ಎಂದು ನೀವು ಚಿಂತೆ ಮಾಡುತ್ತೀರಿ, ಬಲ್ಲೆ. ನಾಕು ದಿನ ಅಂದು ಸುಮ್ಮನಾಗುತ್ತಾರೆ. ಟಪಾಲಿಗೆ ಹಾಕಿದರೆ ಸೋಮವಾರದೊಳಗೆ ಮುಟ್ಟಲಿಕ್ಕಿಲ್ಲ, ಅದಕ್ಕೆ ನಾಳೆ ರಾಯಚೂರಿಗೆ ಹೊರಟ ನೆರೆಮನೆಯ ಅಮೀರ್ ಸಾಬರ ಕೈಯಲ್ಲಿ ಈ ಪತ್ರ ಕೊಡುತ್ತಿದ್ದೇನೆ. ಅವರಿಗೆ ಚಹಾ ಕುಡಿಸದೆ ಕಳಿಸಬೇಡಿ.

ಅವ್ವನಿಗೆ ಶರಣು. ತಂಗಿಗೆ ನನ್ನ ಆಶೀರ್ವಾದ. ಬಸವಣ್ಣ ಅವಳನ್ನು ಕಾಯಲಿ.

ನಿಮ್ಮ ಮಗಳು,
ಮಹಾಂತಮ್ಮ

ತಾ. ಕ.: ಹೆಸರು ಬರೆದ ಮೇಲೆ ಧೈರ್ಯ ಬಂತು. ಹೋದ ವರ್ಷ ನಾನು ಬಾವಿಕಟ್ಟೆಯಲ್ಲಿ ಜಾರಿ ಬಿದ್ದು ಕೈ ಮುರಿದುಕೊಂಡೆ ಎಂದು ಮಾನ್ವಿಯಿಂದ ನಿಮಗೆ ಸುದ್ದಿ ಬಂದಿತ್ತಲ್ಲ, ನಾನು ಜಾರಿರಲಿಲ್ಲ. ನಿಮ್ಮ ಅಳಿಯ ಒನಕೆಯಿಂದ ಹೊಡೆದರು. ಆಗ ನೀವು ಶಿವಬಸಮ್ಮನಿಗೆ ನೋಡಿದ ಆ ಹುಡುಗ ಹೊರಗಿನಿಂದ ಬಾಗಿಲು ಎಳೆದು ಹಿಡಿದು ನಿಂತಿದ್ದ. "ತಮ್ಮಾ, ಬಾಗಿಲಾ ತಗಿಯೋ" ಎಂದು ಕೂಗಿಕೊಂಡೆ. ಅವನು ಬಾಗಿಲ ಸಂದಿಯಿಂದ, "ಮೆಲ್ಲಗ ಒದರ್ರಿ ಅತ್ತಿಗಿ, ಮಂದಿ ಕೇಳ್ತಾರ" ಅಂದ.