ಹಾಜರಿಯಲ್ಲಿ ಇಲ್ಲದ ಹೆಸರು

ಅಪ್ಪ,

ನೀವು ಹೋಗಿ ಮೂರು ವರ್ಷವಾದ ಮೇಲೆ ನಿಮಗೊಂದು ಸುದ್ದಿ. ನಿದ್ದೆಯಲ್ಲಿ ಹಾಜರಿ ಕೂಗುವ ನಿಮ್ಮ ಚಾಳಿ ನನಗೂ ಬಂದಿದೆ. ನಿಮ್ಮಂತೆ ಮೇಷ್ಟರ ಕೆಲಸಕ್ಕೆ ಸೇರಿದರೂ ನಿಮ್ಮ ಹಾಗಾಗಬಾರದು ಎಂದು ಹಟ ತೊಟ್ಟವಳು ನಾನು.

ಇವತ್ತು ಭಾನುವಾರ. ಊಟ ಮುಗಿಸಿ ಚಾಪೆಯ ಮೇಲೆ ಹಾಗೇ ಕಣ್ಣು ಮುಚ್ಚಿದೆ. ಕನಸಿನಲ್ಲಿ ನಾನು ಪಾಠ ಮಾಡುವ ಗುಮ್ಮಳಾಪುರದ ಕನ್ನಡ ಶಾಲೆ ರಾಗಿ ಹೊಲದ ಮೇಲೆ ಮೆಲ್ಲಗೆ ತೇಲುತ್ತಿತ್ತು. ಕಿಟಕಿಗಳ ತುಂಬ ಮಕ್ಕಳು. ನಾನು ಒಬ್ಬೊಬ್ಬರನ್ನೇ ಕರೆಯುತ್ತಿದ್ದೆ. ಮಾದೇಶ. ನಂದಿತಾ. ಪ್ರತಿ ಹೆಸರಿಗೂ ಒಂದೇ ದನಿ: “ಬಂದಿದೀನಿ ಮಿಸ್.”

ಅರೆಗಣ್ಣು ತೆರೆದರೆ, ನನ್ನ ಮಗಳು ಶ್ರೀರಂಜನಿ ಚಾಪೆಯ ಪಕ್ಕ ಕೈಕಟ್ಟಿ ನಿಂತು ಎಲ್ಲರ ಪರವಾಗಿ ಉತ್ತರ ಕೊಡುತ್ತಿದ್ದಳು.

ಚಿಕ್ಕವಳಿದ್ದಾಗ ನಾನೂ ಹಾಗೇ ನಿಲ್ಲುತ್ತಿದ್ದೆ ಅಪ್ಪ, ನಿಮ್ಮ ಮಂಚದ ಪಕ್ಕ, ನಲವತ್ತೆರಡು ಹೆಸರು ಮುಗಿಯುವವರೆಗೆ. “ನಿಮ್ಮಪ್ಪನ ರಿಜಿಸ್ಟರಲ್ಲಿ ನಾವಿಬ್ರೂ ಇಲ್ಲ ಕಣೇ, ಬಾ” ಎಂದು ಅಮ್ಮ ನಗುತ್ತಾ ಎಳೆದುಕೊಂಡು ಹೋಗುತ್ತಿದ್ದಳು. ಅದು ನಗುವೆಂದೇ ಇಷ್ಟು ದಿನ ತಿಳಿದಿದ್ದೆ.

ಮತ್ತೆ ಕಣ್ಣು ಮುಚ್ಚಿ, ನಿದ್ದೆಯಲ್ಲೇ ಇರುವವಳಂತೆ, “ಶ್ರೀರಂಜನಿ” ಎಂದು ಕರೆದೆ.

ಅದೇ ದನಿ ಹೇಳಿತು: “ಅವಳು ನಮ್ಮ ಸ್ಕೂಲಲ್ಲ ಮಿಸ್.”