ಹಿಮದ ಮೇಲೆ ತಪ್ಪು ಹೊರಿಸಿದ ಭಾವನಿಗೆ

ಭಾವಾ,

ನೀವು ತೀರಿಕೊಂಡ ವಾರವೇ ಫಹಾಹೀಲಿನ ಹೋಟೆಲೊಂದರ ಮೇಲಿನ ಹಾಲಿನಲ್ಲಿ ಸಂತಾಪ ಸಭೆ ಮಾಡಿದರು. ಊರಿನವರು, ವರ್ಕ್‌ಶಾಪಿನವರು, ನೀವು ಬೆನ್ನ ಹಿಂದೆ ಬೈಯುತ್ತಿದ್ದವರು, ನಿಮ್ಮನ್ನು ಬೆನ್ನ ಹಿಂದೆ ಬೈಯುತ್ತಿದ್ದವರು, ಎಲ್ಲರೂ ಬಂದಿದ್ದರು. ‘ಅವರಂಥ ಮೆಕ್ಯಾನಿಕ್ ಕುವೈತಿನಲ್ಲಿ ಇನ್ನೊಬ್ಬರಿಲ್ಲ’ ಎಂದು ಒಬ್ಬರು ಮೈಕಿನ ಮುಂದೆ ಗದ್ಗದರಾದರು. ನಾನು ಮುಂದಿನ ಸಾಲಿನಲ್ಲಿ ಕೂತು ಚಹಾ ಕುಡಿಯುತ್ತಿದ್ದೆ, ನೆತ್ತಿಗೇರಿತು. ಸತ್ತವರ ಬಗ್ಗೆ ಕೆಟ್ಟದ್ದು ಆಡಬಾರದಂತೆ. ಸರಿ, ಅಂದು ಆಡಲಿಲ್ಲ. ಇವತ್ತು ಬರೆಯುತ್ತಿದ್ದೇನೆ.

ನನ್ನನ್ನು ಮೊದಲ ಸಲ ರಾಯ್ ಏರಿಯಾದ ವರ್ಕ್‌ಶಾಪಿಗೆ ಕರೆದುಕೊಂಡು ಹೋದ ದಿನ ನೆನಪಿದೆಯಾ? ಹೆಂಡತಿಯ ತಮ್ಮನಿಗೆ ಕೆಲಸ ಕೊಡಿಸಿದ ಉಪಕಾರವನ್ನು ಏರ್‌ಪೋರ್ಟಿನಿಂದ ಅಲ್ಲಿಗೆ ತಲುಪುವವರೆಗೂ ಹಾಡಿದ್ದೇ ಹಾಡಿದಿರಿ. ಹೊರಗೆ ಬೆಂಕಿಯಂಥ ಬಿಸಿಲು, ಒಳಗೆ ಜೆಟ್‌ಸ್ಕೀಗಳ ನಡುವೆ ನಾಲ್ಕು ಸ್ನೋಮೊಬೈಲು. ಮರಳುಗಾಡಿನಲ್ಲಿ ಹಿಮದ ಗಾಡಿ ಯಾಕೆ ಎಂದು ನಾನು ನಕ್ಕಾಗ, ‘ಕಫೀಲನದ್ದು ಮಾರಾಯ. ಚಳಿಗಾಲದಲ್ಲಿ ಟ್ರಕ್ಕಿನಲ್ಲಿ ಟರ್ಕಿಯ ಬೆಟ್ಟಕ್ಕೆ ಹೋಗ್ತದೆ. ಇದನ್ನು ಮುಟ್ಲಿಕ್ಕೆ ಇಲ್ಲಿ ನಾನೊಬ್ಬನೇ’ ಎಂದಿರಿ. ನಮ್ಮ ವೀಸಾದ ಧಣಿ, ಕಫೀಲ್ ಅಬು ಫಹದ್‌ಗೆ ಆ ಗಾಡಿಗಳೆಂದರೆ ಪ್ರಾಣ. ನೀವು ಹಿಂದಿನ ಬೋಲ್ಟು ತಿರುಗಿಸಿ ತಿರುಗಿಸಿ, ಚಕ್ರದ ಬದಲು ಸುತ್ತುವ ರಬ್ಬರಿನ ಟ್ರ್ಯಾಕನ್ನು ಮುಷ್ಟಿಯಿಂದ ಗುದ್ದಿ, ಅದು ಚೆಂಡೆಯ ಹಾಗೆ ಸದ್ದು ಮಾಡಿದ ಮೇಲೆ ‘ಬಿಗಿ ಇದ್ರೆ ಭದ್ರ. ಸಂಸಾರವೂ ಅಷ್ಟೇ’ ಎಂದು ಉಪದೇಶ ಕೊಟ್ಟಿರಿ. ನಟ್ಟು ಬೋಲ್ಟಿನಿಂದ ನೀತಿಪಾಠ ತೆಗೆಯುವ ಆ ನಿಮ್ಮ ಚಟ... ನನಗೆ ಅಂದೇ ಹೇಸಿಗೆ ಹುಟ್ಟಿತ್ತು.

ಒಮ್ಮೆ ಬಾಯಿತಪ್ಪಿ ‘ಭಾವ, ಟ್ರ್ಯಾಕ್ ಸ್ವಲ್ಪ ಲೂಸ್ ಬಿಡಬಹುದಲ್ವಾ?’ ಎಂದಿದ್ದೆ. ‘ಲೂಸು ನೀನು! ನಿಮ್ಮ ಮನೆಯವರೆಲ್ಲ ಲೂಸುಗಳೇ!’ ಎಂದು ಎಲ್ಲರ ಮುಂದೆ ಕಿರುಚಿದಿರಿ. ನಮ್ಮವರ ಬಾಯಲ್ಲಿ ಆ ಶಬ್ದಕ್ಕೆ ಸಡಿಲ ಅನ್ನುವುದಕ್ಕಿಂತ ತಲೆಕೆಟ್ಟವ ಅನ್ನುವ ಅರ್ಥವೇ ಮೊದಲು ತಾನೆ? ಅಂದಿನಿಂದ ವರ್ಕ್‌ಶಾಪಿನಲ್ಲಿ ಅದನ್ನು ಯಾರೂ ಆಡಲಿಲ್ಲ, ಯಾವ ಟ್ರ್ಯಾಕೂ ಸಡಿಲವಾಗಲಿಲ್ಲ. ಮನೆಯಲ್ಲೂ ಅದೇ ಕಥೆ. ನೆಂಟರ ಮುಂದೆ ಅಕ್ಕ ಏನಾದರೂ ಹೇಳಲು ಹೊರಟರೆ ಸಾಕು, ‘ಅವಳಿಗೆ ಸ್ವಲ್ಪ ಲೂಸುಂಟು’ ಎಂದು ಹಲ್ಲು ಕಿಸಿಯುತ್ತಿದ್ದಿರಿ. ನೆಂಟರೂ ನಗುತ್ತಿದ್ದರು. ಅವಳು ಖಾಲಿ ಲೋಟಗಳನ್ನೆತ್ತಿಕೊಂಡು ಒಳಗೆ ಹೋಗುತ್ತಿದ್ದಳು. ನಿಮ್ಮ ಕೆನ್ನೆಗೆ ಒಂದು ಬಾರಿಸಬೇಕು ಎಂದು ಕೈ ತುರಿಸುತ್ತಿತ್ತು ಭಾವ, ನಿಜ ಹೇಳುತ್ತಿದ್ದೇನೆ.

ಫಿಂಟಾಸಿನ ನಿಮ್ಮ ಫ್ಲ್ಯಾಟಿನ ಊಟದ ಮೇಜು ಕಣ್ಣ ಮುಂದೆ ಬರುತ್ತಿದೆ. ಶುಕ್ರವಾರ ಊಟವಾದ ಮೇಲೆ ಇಂಗ್ಲಿಷ್ ಮ್ಯಾನ್ಯುಯಲ್ಲನ್ನು ಅಕ್ಕನ ಮುಂದೆ ಒಗೆದು ‘ಓದು’ ಎನ್ನುತ್ತಿದ್ದಿರಿ. ಪಾಲಿಟೆಕ್ನಿಕ್‌ನಲ್ಲಿ ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವಳು ಅವಳು, ನೀವಲ್ಲವಲ್ಲ! ಅವಳು ಓದಿ, ಬಿಡಿಸಿ ಹೇಳಿ, ಟಿಶ್ಯೂ ಪೇಪರಿನ ಮೇಲೆ ಚಿತ್ರ ಬರೆದು ತೋರಿಸುತ್ತಿದ್ದಳು. ಮರುದಿನ ವರ್ಕ್‌ಶಾಪಿನಲ್ಲಿ ಅದೇ ಮಾತು ನಿಮ್ಮ ಬಾಯಿಂದ, ‘ನನ್ನ ಅನುಭವದಲ್ಲಿ’ ಎಂಬ ಮುನ್ನುಡಿಯೊಂದಿಗೆ. ಅವಳೇ ಕೆಲಸಕ್ಕೆ ಹೋಗುತ್ತೇನೆಂದರೆ ಮಾತ್ರ ‘ಹೆಂಗಸು ಗ್ರೀಸ್ ಮುಟ್ಟಿದ್ರೆ ನನ್ನ ಮರ್ಯಾದೆ ಎಂತ ಆಗ್ಬೇಕು?’ ನಿಮ್ಮ ಮರ್ಯಾದೆ! ಅವಳ ಮಾತನ್ನೆಲ್ಲ ಕದ್ದ ನೀವು ಕದಿಯದೆ ಬಿಟ್ಟದ್ದು ಟ್ರ್ಯಾಕಿನ ಮಾತೊಂದನ್ನೇ. ‘ಒಳಗೆ ಪ್ಲಾಸ್ಟಿಕ್ಕಿನ ಸ್ಲೈಡರ್ ಉಂಟಲ್ಲ, ಟ್ರ್ಯಾಕ್ ಜಾರುವುದು ಅದರ ಮೇಲೆ. ಬಿಗಿ ಮಾಡಿದಷ್ಟೂ ಉಜ್ಜಿ ಸವೀತದೆ. ಸ್ವಲ್ಪ ಜೋತು ಬೀಳ್ಬೇಕು, ಎಷ್ಟು ಅಂತ ಇಲ್ಲೇ ಬರೆದಿದ್ದಾರೆ’ ಎಂದಳು ಅವಳು. ನಿಮ್ಮ ಉತ್ತರ ಆ ಒಂದೇ ಶಬ್ದ.

ಆ ಜುಲೈ ಮಧ್ಯಾಹ್ನ ಅಬು ಫಹದ್ ಗಾಡಿ ಓಡುವುದನ್ನು ನೋಡಬೇಕೆಂದಾಗ ನೀವು ಮಾಡಿದ ಘನಕಾರ್ಯ ಮರೆಯುವುದುಂಟೇ? ಸ್ಲೈಡರನ್ನು ತಣ್ಣಗಿಡುವುದೂ ಹಿಮ, ಜಾರಿಸುವುದೂ ಹಿಮ. ನೀವು ಹಿತ್ತಲಿನ ಸಿಮೆಂಟಿನ ಮೇಲೆ ಪೈಪಿನಲ್ಲಿ ನೀರು ಬಿಟ್ಟು, ಅದರ ಮೇಲೆ ಗಾಡಿ ಓಡಿಸಿದಿರಿ. ಸುಟ್ಟ ಪ್ಲಾಸ್ಟಿಕ್ಕಿನ ವಾಸನೆಗೆ ಪಕ್ಕದ ಶೋರೂಮಿನವರು ಹೊರಗೆ ಓಡಿ ಬಂದರು. ಹೊಸ ಸ್ಲೈಡರ್ ಹಾಕಿ, ಮತ್ತೆ ಚೆಂಡೆಯಷ್ಟು ಬಿಗಿ ಮಾಡಿ ಟರ್ಕಿಗೆ ಕಳಿಸಿದರೆ ಅದೂ ಸವೆದು ವಾಪಸ್ ಬಂತು. ಮೊದಲು ಸಿಮೆಂಟಿಗೆ ಬೈದಿದ್ದಿರಿ, ಈಗ ಕಫೀಲನ ಮುಖ ನೋಡಿ ‘ಬಾಬಾ, ಉಧರ್ ಸ್ನೋ ಖರಾಬ್’ ಎಂದಿರಿ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ದೇವರು ಸುರಿಸಿದ ಹಿಮದಲ್ಲೇ ತಪ್ಪು ಹುಡುಕಿದವರನ್ನು ನಾನು ಬೇರೆಲ್ಲೂ ಕಂಡಿಲ್ಲ.

ಎದೆನೋವು ಎಂದು ಸೋಫಾದಲ್ಲಿ ಕೂತವರು ಮತ್ತೆ ಏಳಲಿಲ್ಲ. ಅದನ್ನು ನೆನೆದು ನಗುವಷ್ಟು ಕೆಟ್ಟವ ನಾನಲ್ಲ. ಆದರೆ ಅಕ್ಕನ ಇಕಾಮಾ ನಿಂತಿದ್ದೇ ನಿಮ್ಮ ಇಕಾಮಾದ ಮೇಲೆ. ಚಳಿಗಾಲ ಮುಗಿಯುವಷ್ಟರಲ್ಲಿ ಇಲ್ಲಿ ಇರಲು ಅವಳಿಗಿದ್ದ ಆ ಪರವಾನಗಿಯ ಅವಧಿಯೂ ಮುಗಿಯುತ್ತಿತ್ತು, ಅಷ್ಟರೊಳಗೆ ಯಾರಾದರೂ ಕೆಲಸ ಕೊಟ್ಟು ವೀಸಾ ಮಾಡಿಸದಿದ್ದರೆ ಮಗಳ ಶಾಲೆ ಅರ್ಧಕ್ಕೆ ಬಿಡಿಸಿ ಹೊರಡಬೇಕು. ‘ಊರಿಗೆ ಹೋಗಿ ಯಾರ ಮನೆ ಮೂಲೆಯಲ್ಲಿ ಕೂತ್ಕೊಳ್ಳಲಿ?’ ಎಂದು ಅಕ್ಕ ನನ್ನನ್ನೇ ಕೇಳಿದಳು. ನಿಮ್ಮ ಮಗಳು ಸಿಂಚನಾ ಫೋನಿನಿಂದ ತಲೆಯೆತ್ತಿ ‘ಅಮ್ಮ, ಜಸ್ಟ್ ಆಸ್ಕ್ ಅಬು ಫಹದ್, ನೋ?’ ಎಂದಳು. ನಮಗ್ಯಾರಿಗೂ ಹೊಳೆಯದ ಸುಲಭ ದಾರಿ.

ನಿಮ್ಮ ಕೆಲಸವನ್ನು ಅಕ್ಕನಿಗೆ ಕೊಡಿ ಎಂದಾಗ ಅಬು ಫಹದ್ ಮೊದಲು ನಕ್ಕ. ಆಮೇಲೆ ಅಕ್ಕ ನಗದಿರುವುದನ್ನು ನೋಡಿ ಸ್ನೋಮೊಬೈಲುಗಳ ಕಡೆ ಕೈ ತೋರಿಸಿದ. ‘ಈ ಗಾಡಿಗಳನ್ನು ರೆಡಿ ಮಾಡಲಿ. ನಾನು ಬೆಟ್ಟಕ್ಕೆ ಹೋಗಿ ಬರ್ತೇನೆ. ಸ್ಲೈಡರ್ ಉಳಿದ್ರೆ ಮಾತಾಡೋಣ, ಇಲ್ಲಾಂದ್ರೆ ಖಲಾಸ್’ ಎಂದು ಹಿಂದಿ ಅರಬ್ಬಿ ಬೆರೆಸಿ ಹೇಳಿದ. ಅಕ್ಕ ಗಾಡಿಯ ಹಿಂಭಾಗವನ್ನು ಸ್ಟ್ಯಾಂಡಿನ ಮೇಲೆ ಎತ್ತಿಸಿದಳು. ಟ್ರ್ಯಾಕಿನ ನಡುವಿಗೆ ಸ್ಪ್ರಿಂಗ್ ತಕ್ಕಡಿಯ ಕೊಕ್ಕೆ ಹಾಕಿ ಕೆಳಗೆಳೆದು, ಸ್ಲೈಡರಿಗೂ ಟ್ರ್ಯಾಕಿಗೂ ಮಧ್ಯೆ ಎಷ್ಟು ಸಂದು ಬಿಡುತ್ತದೆ ಎಂದು ಸ್ಕೇಲಿಟ್ಟು ನೋಡಿದಳು. ಹಿಂದಿನ ಆಕ್ಸಲ್ ಸಡಿಲಿಸಿ ಎರಡೂ ಪಕ್ಕದ ಬೋಲ್ಟನ್ನು ಸಮಸಮ ತಿರುಗಿಸಿದಳು. ಟ್ರ್ಯಾಕನ್ನು ಗಾಳಿಯಲ್ಲೇ ನಿಧಾನಕ್ಕೆ ಓಡಿಸಿ, ಒಂದು ಪಕ್ಕಕ್ಕೆ ಎಳೆಯುವುದಿಲ್ಲ ಎಂದು ಖಾತ್ರಿಯಾದ ಮೇಲೇ ಆಕ್ಸಲ್ ಬಿಗಿದಳು. ಗಟ್ಟಿ ಮಂಜುಗಡ್ಡೆ ಕೆದರಿ ಸ್ಲೈಡರಿಗೆ ಹಿಮ ಚಿಮ್ಮಿಸುವ ಕಡ್ಡಿಗಳನ್ನು ನೀವು ‘ವೇಸ್ಟ್’ ಎಂದು ಕಿತ್ತು ಮೂಲೆಗೆ ಎಸೆದಿದ್ದಿರಲ್ಲ, ಅವನ್ನೂ ಹುಡುಕಿಸಿ ಹಾಕಿದಳು. ಜೋತು ಬಿದ್ದ ಟ್ರ್ಯಾಕ್ ನೋಡಿ ನನಗೇ ಭಯವಾಯಿತು. ‘ಸಡಿಲ ಅತಿಯಾದ್ರೆ ಚಕ್ರದ ಹಲ್ಲಿನಿಂದ ಜಾರ್ತದೆ ಅಂತ ನಂಗೂ ಗೊತ್ತುಂಟು. ನೀನು ಸುಮ್ಮನೆ ಲೈಟ್ ಹಿಡಿ’ ಎಂದು ಗದರಿದಳು.

ಆ ದಿನಗಳಲ್ಲಿ ಅವಳು ಫ್ಲ್ಯಾಟಿನಲ್ಲಿ ಅರ್ಧ ಸಾಮಾನು ಕಟ್ಟಿಟ್ಟಿದ್ದಳು. ಒಂದು ಸಂಜೆ ಕುಕ್ಕರ್ ಕಟ್ಟುವುದು, ಮರುದಿನ ಬೇಕಾಗಿ ಬಿಚ್ಚುವುದು. ನೀವು ಅವಳನ್ನು ಈ ಸ್ಥಿತಿಗೆ ತಂದಿಟ್ಟು, ಗೋಡೆಯ ಮೇಲೆ ಹಾರ ಹಾಕಿಸಿಕೊಂಡು ನಗುತ್ತಿದ್ದಿರಿ. ಆ ಫೋಟೋ ನೋಡುವಾಗ ನನ್ನ ಬಾಯಲ್ಲಿ ಏನೇನು ಬರುತ್ತಿತ್ತು... ಬೇಡ ಬಿಡಿ.

ಕಳೆದ ತಿಂಗಳು ಟ್ರಕ್ ವಾಪಸ್ ಬಂತು. ಅಬು ಫಹದ್ ತಾನೇ ನಿಂತು ಒಂದೊಂದೇ ಗಾಡಿಯನ್ನು ಮಗ್ಗುಲಿಗೆ ಹೊರಳಿಸಿದ, ಬಗ್ಗಿ ಸ್ಲೈಡರಿನ ಉದ್ದಕ್ಕೂ ಬೆರಳಾಡಿಸಿದ. ಸ್ಲೈಡರುಗಳೆಲ್ಲ ಹಾಕಿ ಕಳಿಸಿದಾಗ ಇದ್ದಷ್ಟೇ ದಪ್ಪಕ್ಕೆ ಉಳಿದಿದ್ದವು. ಅವನು ಎದ್ದು ನಿಂತು ಅಕ್ಕನನ್ನು ಕೇಳಿದ: ‘ಯಾರು ಕಲಿಸಿದ್ದು ನಿನಗೆ?’

‘ನನ್ನ ಗಂಡ’ ಎಂದಳು ಅಕ್ಕ, ರೆಪ್ಪೆ ಬಡಿಯದೆ.

ಅಬು ಫಹದ್ ಆಕಾಶ ನೋಡಿ ನಿಮ್ಮ ಆತ್ಮಕ್ಕೆ ಎರಡು ಒಳ್ಳೆಯ ಮಾತು ಹೇಳಿದ. ಆಮೇಲೆ ‘ಯಲ್ಲಾ, ಪಾಸ್‌ಪೋರ್ಟ್ ಲಾವ್’ ಎಂದ. ಅವಳಿಗೆ ಅವಳದ್ದೇ ಕೆಲಸದ ಮೇಲೆ ಇಕಾಮಾ ಆಯಿತು ಭಾವ. ನೀವು ಕೇಳಿರದ ಸುದ್ದಿ ಇದು.

ಆದರೆ ಅಂದು ನನಗೆ ಮೈ ಉರಿದುಹೋಗಿತ್ತು. ಫಿಂಟಾಸಿಗೆ ವಾಪಸಾಗುವಾಗ ಕಾರಿನಲ್ಲಿ ಕೇಳಿಯೇಬಿಟ್ಟೆ: ‘ಅಷ್ಟು ಸುಳ್ಳು ಯಾಕೆ ಹೇಳಿದೆ ಅಕ್ಕ? ಆ ಮನುಷ್ಯನಿಗೆ ಯಾಕೆ ಹೊಗಳಿಕೆ ಕೊಡಿಸಿದೆ?’

ಅವಳು ಉಗುರಿನ ಸಂದಿಯ ಗ್ರೀಸನ್ನು ಟಿಶ್ಯೂವಿನಿಂದ ಒರೆಸುತ್ತ ಹೇಳಿದಳು: ‘ನಾನೇ ಓದಿ ಕಲ್ತದ್ದು ಅಂದಿದ್ರೆ ಅವನಿಗೆ ವೀಸಾ ಕೊಡ್ಲಿಕ್ಕೆ ಧೈರ್ಯ ಬರ್ತಿತ್ತಾ? ನನ್ನ ಬುದ್ಧಿಯನ್ನು ನಿನ್ನ ಭಾವ ಅವರ ಹೆಸರಲ್ಲಿ ಎಷ್ಟು ವರ್ಷ ಮಾರಿದ್ರು? ಒಂದು ಸಲ ನಾನು ಅವರ ಹೆಸರನ್ನು ಮಾರಿದೆ. ಲೆಕ್ಕ ಸರಿಯಾಯ್ತು. ನೀನು ಮುಂದೆ ನೋಡಿ ಕಾರು ಬಿಡು.’